ಮೂವತ್ತೆರಡನೇ ಹಾಳೆ

ನನಗೆ ಐವತ್ತೆಂಟು ವರ್ಷ. ಮಂಡಿ ನೋವಿದೆ, ಕನ್ನಡಕದ ನಂಬರು ಎರಡು ಸಲ ಬದಲಾಗಿದೆ, ತಲೆಯಲ್ಲಿ ಕಪ್ಪು ಕೂದಲು ಎಲ್ಲಿದೆ ಅಂತ ಹುಡುಕಬೇಕು. ಇಷ್ಟೆಲ್ಲ ಕಣ್ಣಿಗೆ ಹೊಡೆದು ಕಾಣುತ್ತಿದ್ದರೂ ಒಂದು ಸೋಮವಾರ ಬೆಳಿಗ್ಗೆ ಬ್ಯಾಂಕಿನ ಮೂರನೇ ಕೌಂಟರಿನಾಕೆ ನನ್ನ ಪಾಸ್‌ಬುಕ್ ಹಿಂದಕ್ಕೆ ತಳ್ಳಿ, "ನಿಮ್ಮ ಗಾರ್ಡಿಯನ್ ಬಂದಿದ್ದಾರಾ?" ಎಂದು ಕೇಳಿದಳು.

ನಾನು ಹಿಂದೆ ತಿರುಗಿ ನೋಡಿದೆ. ಯಾವುದೋ ಮಗುವನ್ನು ಕೇಳುತ್ತಿರಬೇಕು ಅಂದುಕೊಂಡೆ. ಹಿಂದೆ ಇದ್ದವನು ಔಷಧಿ ಅಂಗಡಿಯವನು, ನನಗಿಂತ ಎರಡು ವರ್ಷ ದೊಡ್ಡವನು.

"ಯಾರಿಗೆ ಗಾರ್ಡಿಯನ್?"

"ನಿಮಗೇ ಮೇಡಂ. ಇದು ಮೈನರ್ ಅಕೌಂಟ್ ಅಂತ ಬರ್ತಿದೆ. ಸಿಸ್ಟಮ್‌ನಲ್ಲಿ ನಿಮ್ಮ ವಯಸ್ಸು ಒಂಬತ್ತು. ಗಾರ್ಡಿಯನ್ ಸಹಿ ಇಲ್ಲದೆ ದುಡ್ಡು ಕೊಡೋಕಾಗಲ್ಲ."

"ತಲೆ ಎತ್ತಿ ನನ್ನ ಮುಖ ನೋಡಿ ಹೇಳಿ."

ಆಕೆ ನೋಡಿದಳು. ನೋಡಿ ಮತ್ತೆ ಪರದೆಯ ಕಡೆ ತಿರುಗಿದಳು. "ನನಗೆ ಕಾಣ್ತಿದೆ ಮೇಡಂ. ಆದ್ರೆ ಸಿಸ್ಟಮ್‌ಗೆ ಕಾಣಬೇಕಲ್ಲ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇವರು. ಒಂಬತ್ತು ವರ್ಷದ ಹಿಂದೆ ಎಲ್ಲರೂ ಹೊಸ ಅರ್ಜಿ ತುಂಬಬೇಕು ಅಂದಿದ್ದರು, ತುಂಬಿಕೊಟ್ಟಿದ್ದೆ. ಒಳಗೆ ಕೂತು ಕುಟ್ಟಿದ ಪುಣ್ಯಾತ್ಮರು ಅರ್ಜಿ ಕೊಟ್ಟ ದಿನಾಂಕವನ್ನೇ ಹುಟ್ಟಿದ ದಿನಾಂಕದ ಜಾಗದಲ್ಲಿ ಕುಟ್ಟಿದ್ದಾರೆ. ಹಳೆಯ ಕಂಪ್ಯೂಟರಿಗೆ ಅದು ತಲೆಬಿಸಿಯಾಗಿರಲಿಲ್ಲ. ಹೋದ ತಿಂಗಳು ಹೊಸದು ಬಂತು, ಬಂದದ್ದೇ ನನ್ನ ಖಾತೆಗೆ ಬೀಗ ಹಾಕಿತು. ಅಂದರೆ ನಾನು ಈ ಬ್ಯಾಂಕಿನ ಮಟ್ಟಿಗೆ ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಕನ್ನಡಕ ಹಾಕಿಕೊಂಡು, ಕೈಯಲ್ಲಿ ಅರ್ಜಿ ಹಿಡಿದುಕೊಂಡೇ ಹುಟ್ಟಿದವಳು.

ಬೇರೆ ವಾರವಾಗಿದ್ದರೆ ನಕ್ಕುಬಿಡುತ್ತಿದ್ದೆನೋ ಏನೋ. ಆದರೆ ಆ ವಾರ ನನಗೆ ನಗುವ ಹಾಗಿರಲಿಲ್ಲ. ನನ್ನದು ಬೈಂಡಿಂಗ್ ಅಂಗಡಿ. ಅಪ್ಪ ಇಟ್ಟದ್ದು, ನಾನು ನಡೆಸಿಕೊಂಡು ಬಂದದ್ದು. ಅಪ್ಪನ ಕಾಲದ ಕಟಿಂಗ್ ಮಷಿನ್ ಮೂರು ವಾರದ ಹಿಂದೆ ಚಕ್ರದ ಹಲ್ಲು ಮುರಿದುಕೊಂಡು ಕೂತಿತ್ತು. ಅದಕ್ಕೆ ಹಲ್ಲು ಕಟ್ಟುವವರು ಈಗ ಯಾರೂ ಇಲ್ಲ. ತಿಂಗಳ ಕೊನೆಗೆ ಕೊಡಬೇಕಿದ್ದ, ಹೊಲಿದು ಅಂಟು ಹಾಕಿದ ಮುನ್ನೂರು ಕಾಲೇಜು ಪುಸ್ತಕಗಳು ಅಂಚು ಕತ್ತರಿಸದೆ ರಾಶಿ ಬಿದ್ದಿದ್ದವು. ಕಟಿಂಗ್ ಮಷಿನ್ ಇಲ್ಲದ ಬೈಂಡರು ಕತ್ತರಿ ಇಲ್ಲದ ಕ್ಷೌರಿಕನ ಹಾಗೆ, ಅಂಗಡಿ ತೆರೆದಿಟ್ಟು ಗಿರಾಕಿಯ ಮುಖ ನೋಡಬಹುದು ಅಷ್ಟೇ.

ಪಕ್ಕದ ಬೀದಿಯಲ್ಲಿ ಶಾಯಿ ಮಾವನ ಪ್ರೆಸ್ ಇತ್ತು. ಅವನು ಸಂಬಂಧದಲ್ಲಿ ಮಾವನಲ್ಲ, ಅಪ್ಪನ ಸ್ನೇಹಿತ. ಉಗುರಿನ ಸಂದಿಯ ಶಾಯಿ ಯಾವತ್ತೂ ಹೋಗದ್ದರಿಂದ ಬೀದಿಗೆಲ್ಲ ಶಾಯಿ ಮಾವ. ಅವನು ಪ್ರೆಸ್ ಮುಚ್ಚುತ್ತಿದ್ದ. ಅವನ ಕಟಿಂಗ್ ಮಷಿನ್ ನನ್ನದರ ಜೋಡಿ, ಆದರೆ ಗಟ್ಟಿಯಾಗಿತ್ತು. "ಶನಿವಾರ ಮಧ್ಯಾಹ್ನ ಒಂದು ಗಂಟೆವರೆಗೆ ಕಾಯ್ತೀನಿ ಕೂಸೇ. ಸಂಜೆ ಮಳಿಗೆ ಖಾಲಿ ಮಾಡಿ ಬೀಗದ ಕೈ ಕೊಡ್ಬೇಕು. ಆಮೇಲೆ ಗುಜರಿಯವನು ಎತ್ತಿಕೊಂಡು ಹೋಗ್ತಾನೆ, ನಾನು ಬೇಡ ಅನ್ನೋ ಹಾಗಿಲ್ಲ" ಅಂದಿದ್ದ. ಅದಕ್ಕೆ ಬೇಕಾದ ದುಡ್ಡು ನನ್ನ ಖಾತೆಯಲ್ಲಿತ್ತು, ನಾನೇ ದುಡಿದು ಹಾಕಿದ್ದು. ಬ್ಯಾಂಕಿಗೆ ಹೋಗುತ್ತೇನೆ ಅಂದಾಗ ಅವನು ಮೂಗು ಮುರಿದು, "ಆ ಬ್ಯಾಂಕಾ? ಅಲ್ಲಿನ ದೂರು ಪುಸ್ತಕದಲ್ಲಿ ನಾನೂ ಎರಡು ಸಲ ಬರೆದಿದ್ದೀನಿ. ಒಬ್ಬನಾದ್ರೂ ಏನಪ್ಪಾ ಅಂತ ಕೇಳಿದ್ರೆ ಕೇಳು" ಅಂದಿದ್ದ.

ಆ ಮಾತು ನೆನಪಾಗಿಯೇ ನಾನು ಮೂರನೇ ಕೌಂಟರಿನಾಕೆಯ ಬಳಿ ದೂರು ಪುಸ್ತಕ ಕೇಳಿದೆ. ಆಕೆ ಒಳಗೆ ಹೋಗಿ ಹುಡುಕಿ, ಧೂಳು ಒರೆಸಿ ತಂದುಕೊಟ್ಟಳು. ಕೈಗೆ ಬಂದ ಕೂಡಲೇ ಗೊತ್ತಾಯಿತು, ಪುಸ್ತಕ ನನ್ನದೇ. ನೀಲಿ ಬಟ್ಟೆಯ ಬೆನ್ನು, ಹೊಲಿಗೆಯ ಕೊನೆಯಲ್ಲಿ ಎರಡು ಸುತ್ತಿನ ಗಂಟು. ಹನ್ನೊಂದು ವರ್ಷದ ಹಿಂದೆ ಲೇಖನ ಸಾಮಗ್ರಿ ಅಂಗಡಿಯವನಿಗೆ ಅಂತಹ ಒಂದು ಡಜನ್ ಮಾಡಿಕೊಟ್ಟಿದ್ದೆ. ಕೋಪದ ನಡುವೆಯೂ ಸ್ವಲ್ಪ ಹೆಮ್ಮೆ ಅನಿಸಿತು. ಯಾಕೋ ಕೈಗೆ ತೆಳ್ಳಗೆ ಅನಿಸಿತು ಕೂಡ, ಎಷ್ಟು ದಪ್ಪ ಕಟ್ಟಿದ್ದೆನೋ ಮರೆತಿರಬೇಕು ಅಂದುಕೊಂಡೆ. ತೆರೆದರೆ ಮೊದಲ ಹಾಳೆಯಿಂದ ಕೊನೆಯವರೆಗೆ ಒಂದಕ್ಷರವಿಲ್ಲ. ಹನ್ನೊಂದು ವರ್ಷ, ಈ ಬ್ಯಾಂಕು, ಒಂದೂ ದೂರಿಲ್ಲ! ನಾನು ಮೊದಲ ಹಾಳೆಯ ಎರಡೂ ಮಗ್ಗುಲು ತುಂಬ ಬರೆದೆ. ನನ್ನ ಅಕ್ಷರ ಸಣ್ಣದು, ಮಾತು ಉದ್ದ.

ಮ್ಯಾನೇಜರ್ ಗಾಜಿನ ಕೋಣೆಯಲ್ಲಿದ್ದ. ವಯಸ್ಸಿನಲ್ಲಿ ನನ್ನ ತಂಗಿಯ ಮಗನಷ್ಟು. ಹಲ್ಲುನೋವು ಬಂದಾಗಲೂ ನಗುವ ಮುಖ. ಅವನ ಮೇಜಿನ ಮೇಲೆ ಹಿತ್ತಾಳೆಯ ಫಲಕ: 'ದೂರುರಹಿತ ಶಾಖೆ'. ಮೇಲಿನ ಕಚೇರಿಯವರು ಕೊಟ್ಟದ್ದಂತೆ. "ಹುಟ್ಟಿದ ದಿನಾಂಕದ ದಾಖಲೆ ಕೊಟ್ಟು ತಿದ್ದುಪಡಿಗೆ ಅರ್ಜಿ ಹಾಕಿ ಮೇಡಂ, ಎರಡು ದಿನದಲ್ಲಿ ಆಗುತ್ತೆ" ಅಂದ. ಅಂದೇ ಹಾಕಿದೆ.

ಗುರುವಾರ ಹೋದಾಗ ಅರ್ಜಿ ವಾಪಸ್ ಬಂದಿತ್ತು. ಮೈನರ್ ಖಾತೆಯ ವಿವರ ತಿದ್ದಬೇಕಾದರೆ ಅರ್ಜಿಗೆ ಗಾರ್ಡಿಯನ್ ಸಹಿ ಬೇಕಂತೆ.

"ನಾನು ಮೈನರ್ ಅಲ್ಲ ಅಂತ ಹೇಳೋಕೆ ಗಾರ್ಡಿಯನ್ ಸಹಿ ಬೇಕಾ?" ಎಂದೆ.

"ಸದ್ಯಕ್ಕೆ ನೀವು ಮೈನರ್ ಅಲ್ವಾ ಮೇಡಂ" ಎಂದು ಮ್ಯಾನೇಜರ್ ನಕ್ಕ. "ಒಂದು ಸುಲಭದ ದಾರಿ ಹೇಳ್ತೀನಿ. ನಿಮ್ಮ ತಾಯಿ ಇದ್ದಾರಾ? ಕರ್ಕೊಂಡು ಬನ್ನಿ. ಗಾರ್ಡಿಯನ್ ಅಂತ ಒಂದು ಸಹಿ. ಐದು ನಿಮಿಷದಲ್ಲಿ ದುಡ್ಡು ಕೈಯಲ್ಲಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಆಮೇಲೆ?"

"ಆಮೇಲೆ ಏನು, ಒಂಬತ್ತು ವರ್ಷ ಕಳೆದ್ರೆ ತಾನಾಗೇ ಮೇಜರ್ ಆಗ್ತೀರಿ."

ತಮಾಷೆ ಅಂದುಕೊಂಡು ಹೇಳಿದ. ನನಗೆ ಪಿತ್ತ ನೆತ್ತಿಗೇರಿತು. "ಸೋಮವಾರ ದೂರು ಬರೆದಿದ್ದೆ, ಅದಕ್ಕೇನಾಯ್ತು?" ಅಂದೆ.

"ದೂರಾ? ನಮ್ಮಲ್ಲಿ ಯಾವ ದೂರೂ ಬಂದಿಲ್ಲವಲ್ಲ."

ಪುಸ್ತಕ ತರಿಸಿದೆ. ಮೊದಲ ಹಾಳೆ ಖಾಲಿ. ಎರಡನೆಯದೂ ಖಾಲಿ. ನಾನು ಬರೆದ ಹಾಳೆಯೇ ಇಲ್ಲ. "ಬೇರೆ ಎಲ್ಲೋ ಬರೆದಿರಬೇಕು ಮೇಡಂ, ವಯಸ್ಸಾದ ಮೇಲೆ ಮರೆವು ಸಹಜ" ಅಂದ. ಕೆಲಸಕ್ಕೆ ಬೇಕಾದಾಗ ಒಂಬತ್ತು ವರ್ಷ, ಬೇಡವಾದಾಗ ವಯಸ್ಸಾಯಿತು.

ನಾನು ಪುಸ್ತಕದ ಮಡಿಕೆಯನ್ನು ಬೆರಳಿನಿಂದ ತೀಡಿ ನೋಡಿದೆ. ನಮ್ಮ ಕಸುಬಿನಲ್ಲಿ ಒಂದು ದೊಡ್ಡ ಕಾಗದ ಮಡಿಸಿದರೆ ಎರಡು ಹಾಳೆ. ಹಾಗೆ ಎಂಟು ಕಾಗದ ಒಂದರೊಳಗೊಂದು ಇಟ್ಟು ಮಡಿಕೆಯಲ್ಲಿ ಹೊಲಿದರೆ ಹದಿನಾರು ಹಾಳೆಯ ಒಂದು ಕಂತೆ. ಮೊದಲ ಹಾಳೆಗೆ ಹದಿನಾರನೆಯದು ಜೊತೆ, ಎರಡನೆಯದಕ್ಕೆ ಹದಿನೈದನೆಯದು. ಜೊತೆಯಲ್ಲಿ ಒಂದನ್ನು ಹರಿದರೆ ಇನ್ನೊಂದಕ್ಕೆ ಹೊಲಿಗೆಯ ಹಿಡಿತ ಹೋಗುತ್ತದೆ. ಕೆಲವು ದಿನ ಅಂಟಿನ ಮೇಲೆ ನಿಂತಿರುತ್ತದೆ, ಆಮೇಲೆ ಅದೂ ಉದುರುತ್ತದೆ. ಕಂತೆಯ ಆ ಕೊನೆಯಲ್ಲಿ ಒಂದು ಹಾಳೆ ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡುತ್ತಿತ್ತು. ಅದು ನನ್ನ ದೂರಿನ ಜೊತೆ ಹಾಳೆ. ಪುಸ್ತಕದುದ್ದಕ್ಕೂ ಅಂಥವು ಇನ್ನೂ ಇದ್ದವು.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮನಿಗೆ ಎಂಬತ್ತೊಂದು. ಕಿವಿ ಮಂದ, ಆದರೆ ತನಗೆ ಬೇಕಾದ್ದು ಗೋಡೆಯಾಚೆ ಪಿಸುಗುಟ್ಟಿದರೂ ಕೇಳುತ್ತದೆ. ಅವಳು ಹೊಟ್ಟೆ ಹಿಡಿದು ನಕ್ಕಳು. "ಸ್ಕೂಲಲ್ಲಿ ಒಂದು ದಿನಾನೂ ನನ್ನನ್ನ ಕರೆಸ್ಲಿಲ್ಲ ನೀನು. ಈಗ ಬ್ಯಾಂಕಿಗೆ ಕರೆಸ್ತಿದ್ದೀಯಾ. ಏನು ಮಾಡ್ದೆ, ಯಾರಿಗಾದ್ರೂ ಹೊಡೆದ್ಯಾ?"

"ಇನ್ನೂ ಇಲ್ಲ" ಅಂದೆ.

ಎರಡು ರಾತ್ರಿ ಯೋಚಿಸಿದೆ. ಮುನ್ನೂರು ಪುಸ್ತಕ, ತಿಂಗಳ ಕೊನೆ, ಶನಿವಾರ ಒಂದು ಗಂಟೆ. ಮಾನ ಹಿಡಿದು ಕೂತರೆ ಮಷಿನ್ ಗುಜರಿಗೆ, ಅಪ್ಪನ ಅಂಗಡಿ ಬೀಗಕ್ಕೆ. ಒಂದು ಸುಳ್ಳು ಸಹಿಯಿಂದ ನನ್ನ ಎತ್ತರವೇನೂ ಕಡಿಮೆಯಾಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ನನಗೇ ನಂಬಿಕೆ ಬರಲಿಲ್ಲ. ಆದರೂ ಶನಿವಾರ ಅಮ್ಮನಿಗೆ ಒಳ್ಳೆಯ ಸೀರೆ ಉಡಿಸಿ, ಹನ್ನೊಂದಕ್ಕೆ ಬ್ಯಾಂಕಿಗೆ ಕರೆದುಕೊಂಡು ಹೋದೆ. ಸೋಲಲಿಕ್ಕೇ ಹೋಗಿದ್ದೆ, ಸುಳ್ಳು ಹೇಳುವುದಿಲ್ಲ.

ಟೋಕನ್ ಅರವತ್ತೆರಡು. ಬೋರ್ಡಿನ ಮೇಲೆ ನಲವತ್ತೇಳು ಅಂಟಿಕೊಂಡು ಕೂತಿತ್ತು. ಬೆಂಚಿನಲ್ಲಿ ಔಷಧಿ ಅಂಗಡಿಯವನು, ಒಬ್ಬ ನಿವೃತ್ತ ಮೇಷ್ಟ್ರು, ಹೊಲಿಗೆ ಕೆಲಸದ ಒಬ್ಬ ಹೆಂಗಸು, ಇನ್ನೂ ಹತ್ತು ಹದಿನೈದು ಜನ. ಮುಕ್ಕಾಲು ಗಂಟೆ ಕೂತೆವು. ಮೇಷ್ಟ್ರು ಮೂರನೇ ಸಲ ಕೌಂಟರಿಗೆ ಹೋಗಿ, ಎರಡು ತಿಂಗಳಿಂದ ಪಿಂಚಣಿ ಪುಸ್ತಕ ತುಂಬಿಸಿಕೊಟ್ಟಿಲ್ಲ ಅಂತ ಗೋಗರೆದರು. ಮ್ಯಾನೇಜರ್ ಹೊರಗೆ ಬಂದು ನಗುತ್ತಲೇ, "ನೋಡಿ ಸರ್, ನಮ್ಮದು ದೂರೇ ಇಲ್ಲದ ಶಾಖೆ. ಇಷ್ಟು ವರ್ಷದಲ್ಲಿ ಒಬ್ಬರೂ ಒಂದು ಮಾತು ಬರೆದಿಲ್ಲ. ನೀವೊಬ್ಬರೇ ಹೀಗೆ ಕೂಗಾಡೋದು" ಅಂದ. ಮೇಷ್ಟ್ರು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಬಂದು ಕೂತರು.

ಆ ತಗ್ಗಿದ ತಲೆ ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, "ದೂರು ಪುಸ್ತಕ ಕೊಡಿ" ಅಂದೆ.

ಮೂರನೇ ಕೌಂಟರಿನಾಕೆ ಮ್ಯಾನೇಜರನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಏನನಿಸಿತೋ, ಪುಸ್ತಕ ತಂದು ನನ್ನ ಕೈಗೇ ಇಟ್ಟಳು.

"ಈ ಪುಸ್ತಕ ಕಟ್ಟಿದವಳು ನಾನು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಇದರಿಂದ ಹಾಳೆ ಹರಿದಿದ್ದಾರೆ. ಸೋಮವಾರ ನಾನು ಬರೆದದ್ದು ಗುರುವಾರ ಇರಲಿಲ್ಲ."

"ಮೇಡಂ, ಸುಮ್ಮನೆ ಅಪವಾದ ಹೊರಿಸಬೇಡಿ. ಎಷ್ಟು ಹಾಳೆ ಇತ್ತು ಅನ್ನೋದಕ್ಕೆ ಏನು ಸಾಕ್ಷಿ? ಪುಟಸಂಖ್ಯೆ ಕೂಡ ಇಲ್ಲ."

ಸಾಕ್ಷಿ ಇತ್ತು. ಅಪ್ಪನ ಕಾಲದಲ್ಲಿ ಒಂದು ಕಚೇರಿಯವರು, ನಾವು ಕೊಟ್ಟ ಕಾಗದದಲ್ಲಿ ಅರ್ಧ ಕದ್ದಿದ್ದೀಯ ಅಂತ ಅಪ್ಪನನ್ನು ಬೀದಿಯಲ್ಲಿ ನಿಲ್ಲಿಸಿ ಬೈದಿದ್ದರಂತೆ. ಅವತ್ತಿನಿಂದ ಅಪ್ಪ ಒಂದು ಪದ್ಧತಿ ಮಾಡಿದ. ಹಿಂದಿನ ರಟ್ಟಿಗೆ ಒಳಗಿನ ಕಾಗದ ಅಂಟಿಸುವ ಮೊದಲು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಹಾಳೆಗಳ ಲೆಕ್ಕ, ತಾರೀಕು ಬರೆಯುವುದು. ಆಮೇಲೆ ಅದರ ಮೇಲೆ ಕಾಗದ ಅಂಟಿಸಿದರೆ ಯಾರಿಗೂ ಕಾಣದು, ಯಾರೂ ತಿದ್ದಲಾರರು. ನಾನು ಇವತ್ತಿಗೂ ಒಂದು ಪುಸ್ತಕವನ್ನೂ ಅದಿಲ್ಲದೆ ಮುಚ್ಚಿಲ್ಲ.

ಕರವಸ್ತ್ರ ಒದ್ದೆ ಮಾಡಿ ಹಿಂದಿನ ರಟ್ಟಿನ ಒಳಗಿನ ಕಾಗದದ ಮೇಲೆ ಒತ್ತಿ ಹಿಡಿದೆ. ನಮ್ಮದು ಮೈದಾ ಅಂಟು, ನೀರು ಕುಡಿದರೆ ಬಿಡುತ್ತದೆ.

"ಮೇಡಂ, ಬ್ಯಾಂಕಿನ ಆಸ್ತಿ ಹಾಳು ಮಾಡ್ತಿದ್ದೀರಿ! ಗಾರ್ಡ್!"

ಗಾರ್ಡ್ ಬಂದ. ಬಂದು ನನ್ನ ಪಕ್ಕದಲ್ಲಿ ನಿಂತು, ಅವನೂ ಬಗ್ಗಿ ನೋಡತೊಡಗಿದ.

"ಅಂಟಿಸಿದವಳು ನಾನು, ಬಿಡಿಸೋಳೂ ನಾನು. ಮತ್ತೆ ಅಂಟಿಸಿಕೊಡ್ತೀನಿ, ಕೂಲಿ ಬೇಡ" ಎಂದೆ. ಹಾಳೆಯ ಮಡಿಕೆ ತೀಡುವ ಚಪ್ಪಟೆ ಪಟ್ಟಿ ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಅದರ ತುದಿಯಿಂದ ಮೆಲ್ಲಗೆ ಎತ್ತಿದೆ. ಕಾಗದ ಹರಿಯದೆ ಬಿಟ್ಟುಕೊಂಡಿತು. ಕೆಳಗೆ ನನ್ನದೇ ಸಣ್ಣ ಅಕ್ಷರ: ಹಾಳೆ ನೂರ ನಲವತ್ತನಾಲ್ಕು, ತಾರೀಕು, ನಮ್ಮ ಅಂಗಡಿಯ ಗುರುತು. ಔಷಧಿ ಅಂಗಡಿಯವನು ಮೊಬೈಲು ತೆಗೆದು ಫೋಟೋ ಹೊಡೆದ.

"ಈಗ ಎಣಿಸೋಣ" ಎಂದೆ.

ನಾನು ಒಂದೊಂದೇ ಹಾಳೆ ತಿರುವಿದೆ, ಅಮ್ಮ ಎಣಿಸಿದಳು. ಎಷ್ಟೋ ವರ್ಷ ಅಂಗಡಿಯಲ್ಲಿ ಕೂತು ಕಾಗದ ಎಣಿಸಿದ ಬಾಯಿ ಅದು, ಬ್ಯಾಂಕಿನ ಸೂರು ಹಾರುವ ಹಾಗೆ ಎಣಿಸಿದಳು. ಇಪ್ಪತ್ತಕ್ಕೆ ಹೊಲಿಗೆಯಾಕೆ ದನಿಗೂಡಿಸಿದಳು. ಐವತ್ತಕ್ಕೆ ಬೆಂಚುಗಳೆಲ್ಲ ಖಾಲಿಯಾಗಿ ಜನ ಸುತ್ತ ನಿಂತಿದ್ದರು. ಎಂಬತ್ತರ ಹೊತ್ತಿಗೆ ಮೇಷ್ಟ್ರ ದನಿ ಎಲ್ಲರಿಗಿಂತ ಮೇಲಿತ್ತು. ಯಾರೋ ಲೆಕ್ಕ ತಪ್ಪಿ ತೊಂಬತ್ತೊಂದನ್ನು ಎರಡು ಸಲ ಹೇಳಿದಾಗ ಗಾರ್ಡೇ ತಿದ್ದಿದ. ನೂರ ಹದಿಮೂರಕ್ಕೆ ಹಾಳೆ ಮುಗಿಯಿತು.

"ಮೂವತ್ತೊಂದು ಕಮ್ಮಿ" ಅಂದರು ಮೇಷ್ಟ್ರು, ಪಾಠ ಮಾಡುವ ದನಿಯಲ್ಲಿ.

"ಎಲ್ಲವೂ ದೂರಿನ ಹಾಳೆಗಳಲ್ಲ" ಎಂದೆ ನಾನು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. "ಒಂದನ್ನು ಹರಿದರೆ ಅದರ ಜೊತೆಯದೂ ಬಿದ್ದುಹೋಗುತ್ತೆ. ಆದರೆ ತಾನಾಗಿ ಮೊದಲು ಬಿದ್ದದ್ದು ಒಂದೂ ಇಲ್ಲ. ನನ್ನ ಹೊಲಿಗೆ ಹಾಗೆ ಬಿಡೋದಲ್ಲ."

"ನಾನು ಬರೆದಿದ್ದೆ, ಮಷಿನ್ ಕಾರ್ಡ್ ನುಂಗಿದ್ದಕ್ಕೆ" ಅಂದ ಒಬ್ಬ. "ನಾನೂ ಬರೆದಿದ್ದೆ, ನಾನೊಬ್ಬಳೇ ಅಂದ್ಕೊಂಡಿದ್ದೆ" ಅಂದಳು ಹೊಲಿಗೆಯಾಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಮ್ಯಾನೇಜರ್ ಗಾಜಿನ ಕೋಣೆಯೊಳಗೆ ಹೋಗಿ ಆ ಹಿತ್ತಾಳೆಯ ಫಲಕವನ್ನು ತಿರುಗಿಸಿ ಇಟ್ಟ. ಆಮೇಲೆ ನನ್ನನ್ನೂ ಅಮ್ಮನನ್ನೂ ಒಳಗೆ ಕರೆದ.

ಗಂಟೆ ಹನ್ನೆರಡೂವರೆ ದಾಟಿತ್ತು. ಅವನು ದನಿ ತಗ್ಗಿಸಿದ. "ಮೇಡಂ, ಆದದ್ದು ಆಯ್ತು. ನಿಮಗೆ ದುಡ್ಡು ತಾನೇ ಬೇಕು? ಇಗೋ ಫಾರಂ, ಎಲ್ಲ ತುಂಬಿಸಿಟ್ಟಿದ್ದೀನಿ. ತಾಯಿಯವರು ಇಲ್ಲಿ ಒಂದು ಸಹಿ ಹಾಕಲಿ. ಕೌಂಟರಿಗೆ ಹೋಗೋದೂ ಬೇಡ, ಇಲ್ಲೇ ತರಿಸಿಕೊಡ್ತೀನಿ. ಪುಸ್ತಕದ ವಿಷಯ ಇಲ್ಲಿಗೇ ಬಿಟ್ಬಿಡಿ."

ಗಾಜಿನಾಚೆ ಜನ ನಮ್ಮನ್ನೇ ನೋಡುತ್ತಿದ್ದರು. ನನ್ನ ತಲೆಯಲ್ಲಿ ಗುಜರಿಯವನ ಗಾಡಿ ಬರುತ್ತಿತ್ತು. ಒಂದು ಗಂಟೆಗೆ ಇಪ್ಪತ್ತೈದು ನಿಮಿಷ. ನನಗೆ ನಾಚಿಕೆಯಾಗುತ್ತದೆ, ಆದರೆ ಹೇಳಲೇಬೇಕು. ನಾನು ಪೆನ್ನು ತೆಗೆದು ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಪೆನ್ನು ತೆಗೆದುಕೊಂಡಳು. "ಏನಪ್ಪಾ, ಇದರಲ್ಲಿ ಏನು ಬರೆದಿದೆ? ಗಟ್ಟಿಯಾಗಿ ಓದು."

ಅವನು ಓದಿದ: "ಮೇಲ್ಕಂಡ ಅಪ್ರಾಪ್ತ ವಯಸ್ಕಳ ಪಾಲನೆ ಪೋಷಣೆಯ ಸಂಪೂರ್ಣ ಹೊಣೆಯನ್ನು ನಾನು ಹೊತ್ತಿರುತ್ತೇನೆ."

"ನಾನು ಹಾಕಲ್ಲ" ಅಂದಳು ಅಮ್ಮ.

"ಅಮ್ಮಾ, ಟೈಮಿಲ್ಲ. ಮಷಿನ್ ಹೋಗುತ್ತೆ. ಹಾಕು."

"ಹೋಗ್ಲಿ. ಸುಳ್ಳಿಗೆ ಹಾಕಲ್ಲ." ಅವಳು ಮ್ಯಾನೇಜರನ ಕಡೆ ತಿರುಗಿದಳು. "ಇವಳಿಗೆ ಹದಿನಾಲ್ಕು ಆದಾಗ ಇವಳಪ್ಪ ಹೋದ್ರು. ನಾನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಎರಡು ವರ್ಷ ಏಳಲಿಲ್ಲಪ್ಪ. ಅಂಗಡಿ ಬಾಗಿಲು ತೆಗೆದವಳು ಇವಳು. ತಂಗಿನ ಓದಿಸಿದವಳು ಇವಳು. ನನ್ನ ತಲೆ ಬಾಚಿ ಜಡೆ ಹಾಕಿ, ತಟ್ಟೆ ಮುಂದಿಟ್ಟು, ನಾನು ತಿನ್ನೋವರೆಗೂ ಏಳದೆ ಕೂತವಳು ಇವಳು. ಹೊಣೆ ಹೊರಬೇಕಾದ ದಿನ ನಾನು ಹೊರಲಿಲ್ಲ. ಇವತ್ತು ಹೊತ್ತಿದ್ದೀನಿ ಅಂತ ಸಹಿ ಹಾಕು ಅಂತೀಯಲ್ಲ, ಯಾವ ಮುಖ ಇಟ್ಕೊಂಡು ಹಾಕಲಿ?"

ಆ ಎರಡು ವರ್ಷದ ಬಗ್ಗೆ ನಾವಿಬ್ಬರೂ ನಲವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಮಾತಾಡಿರಲಿಲ್ಲ. ಅಮ್ಮನಿಗೆ ಅದು ನೆನಪೇ ಇಲ್ಲ ಅಂತ ನಾನು ತಿಳಿದಿದ್ದೆ. ಜೊತೆ ಹಾಳೆ ಹರಿದುಹೋದವಳು, ಹೊಲಿಗೆಯ ಹಿಡಿತ ತಪ್ಪಿದ್ದಳು, ಅವಳ ತಪ್ಪಲ್ಲ ಅಂತ ನಾನು ಎಂದೋ ತೀರ್ಮಾನಿಸಿ ಮುಚ್ಚಿಟ್ಟಿದ್ದೆ. ಅವಳಿಗೆ ಎಲ್ಲ ನೆನಪಿತ್ತು, ಜಡೆ ಕೂಡ. ನನಗೆ ಅಳು ಬಂತು. ಇಲ್ಲಿ ಅತ್ತರೆ ಇವರ ಸಿಸ್ಟಮ್ ಹೇಳಿದ್ದು ನಿಜವಾಗಿಬಿಡುತ್ತದೆ ಅಂತ ಹಲ್ಲು ಕಚ್ಚಿ ತಡೆದೆ.

ಫಾರಂ ತೆಗೆದುಕೊಂಡೆ. ಹರಿಯುತ್ತೇನೆ ಅಂದುಕೊಂಡನೇನೋ, ಮ್ಯಾನೇಜರ್ ಕೈ ಚಾಚಿದ. ಹರಿಯಲಿಲ್ಲ. ಹಾಳೆ ಹರಿಯುವುದು ನಮ್ಮ ಕಸುಬಲ್ಲ. ನಾಲ್ಕು ಮಡಿಕೆ ಮಾಡಿ, ಅಂಚು ತೀಡಿ ಅವನ ಮುಂದೆ ಇಟ್ಟೆ.

"ನನ್ನ ವಯಸ್ಸು ಐವತ್ತೆಂಟು. ನನಗೆ ಗಾರ್ಡಿಯನ್ ಇಲ್ಲ. ನನ್ನ ದುಡ್ಡು ನನ್ನ ಸಹಿಗೇ ಬರಬೇಕು. ಬರೋವರೆಗೂ ದಿನಾ ಬರ್ತೀನಿ, ದಿನಾ ಎಣಿಸ್ತೀನಿ."

ಹೊರಗೆ ಬಂದರೆ ದೂರು ಪುಸ್ತಕದ ಮುಂದೆ ಸಾಲು ನಿಂತಿತ್ತು. ಟೋಕನ್ ಇಲ್ಲದೆ, ಬೋರ್ಡಿಲ್ಲದೆ, ತಾವಾಗಿಯೇ ನಿಂತ ಸಾಲು. ಮೊದಲನೆಯವರಾಗಿದ್ದ ಮೇಷ್ಟ್ರು ಅಮ್ಮನನ್ನು ನೋಡಿ, "ನೀವು ಬರೀರಿ ತಾಯಿ, ಮೊದಲು" ಎಂದು ಪಕ್ಕಕ್ಕೆ ಸರಿದರು. ಅಮ್ಮ ಮೊದಲ ಹಾಳೆಯಲ್ಲಿ ಬಗ್ಗಿ ಏನೋ ಬರೆದಳು. ನಾನು ಓದಲಿಲ್ಲ, ಗಡಿಯಾರ ನೋಡುತ್ತಿದ್ದೆ. ಒಂದಕ್ಕೆ ಹತ್ತು ನಿಮಿಷ.

ಅಮ್ಮನ ಕೈ ಹಿಡಿದು ನಡೆಯುತ್ತ ಪ್ರೆಸ್ ತಲುಪುವಾಗ ಒಂದು ಗಂಟೆ ದಾಟಿತ್ತು. ಗುಜರಿಯವನ ಗಾಡಿ ಬಾಗಿಲಲ್ಲೇ ಇತ್ತು. ಅಚ್ಚಿನ ಅಕ್ಷರದ ಪೆಟ್ಟಿಗೆಗಳು ಆಗಲೇ ಗಾಡಿ ಏರಿದ್ದವು. ಇಬ್ಬರು ಕಟಿಂಗ್ ಮಷಿನ್ನಿಗೆ ಹಗ್ಗ ಬಿಗಿಯುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

"ಮಾವ, ದುಡ್ಡು ಸಿಗಲಿಲ್ಲ" ಎಂದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸಹಿ ಹಾಕಿದ್ದರೆ ಸಿಗುತ್ತಿತ್ತು, ಹಾಕಲಿಲ್ಲ ಅನ್ನುವುದನ್ನೂ ಹೇಳಿದೆ.

ಶಾಯಿ ಮಾವ ಕೈ ಒರೆಸಿಕೊಳ್ಳುತ್ತ ನಿಂತ. ಒರೆಸಿದರೆ ಹೋಗುವ ಶಾಯಿಯಲ್ಲ ಅದು. "ಎಷ್ಟು ಹಾಳೆ ಅಂದೆ?"

"ಮೂವತ್ತೊಂದು."

"ಅದರಲ್ಲಿ ಎರಡು ನಂದು." ಆಮೇಲೆ ಗಾಡಿಯ ಕಡೆ ತಿರುಗಿ, "ಏಯ್, ಹಗ್ಗ ಬಿಚ್ರಪ್ಪ. ಅದು ಬೈಂಡಿಂಗ್ ಅಂಗಡಿಗೆ ಹೋಗೋದು" ಎಂದು ಕೂಗಿದ.

"ಮಾವ, ಯಾವತ್ತು ಕೊಡ್ತೀನೋ ನನಗೇ ಗೊತ್ತಿಲ್ಲ."

"ಇಷ್ಟು ವರ್ಷ ಆ ಎರಡು ಹಾಳೆ ಎಲ್ಲಿ ಹೋಯ್ತು ಅಂತ ನನಗೂ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತಲ್ಲ, ಸಾಕು. ನೀನು ಎಲ್ಲಿಗೂ ಓಡಿಹೋಗೋಳಲ್ಲ. ಓಡಿಹೋಗೋಕೆ ಇನ್ನೂ ಒಂಬತ್ತು ವರ್ಷ ನಿಂಗೆ" ಎಂದು ತಾನೇ ನಕ್ಕ. ಗುಜರಿಯವನು ಗೊಣಗುತ್ತಲೇ ತನ್ನ ಗಾಡಿಯಲ್ಲೇ ಮಷಿನ್ ತಂದು ನಮ್ಮ ಅಂಗಡಿಯಲ್ಲಿ ಇಳಿಸಿದ.

ಔಷಧಿ ಅಂಗಡಿಯವನು ಫೋಟೋಗಳನ್ನು ಅವತ್ತೇ ಮೇಲಿನ ಕಚೇರಿಗೆ ಕಳಿಸಿದ್ದ. ಸೋಮವಾರ ಹತ್ತು ಗಂಟೆಗೆ ಮ್ಯಾನೇಜರೇ ಫೋನ್ ಮಾಡಿದ. ಹೋದೆ, ಅಮ್ಮನನ್ನು ಬಿಟ್ಟು ಒಬ್ಬಳೇ. ಅವನು ನನ್ನ ತಿದ್ದುಪಡಿ ಅರ್ಜಿಯ ಕಾಗದದ ಕೆಳಗೆ, 'ಶಾಖೆಯ ಹೊಣೆಯ ಮೇಲೆ ತಿದ್ದಲಾಗಿದೆ' ಅನ್ನುವ ಕಡೆ ತನ್ನ ಸಹಿ ಹಾಕಿದ, ಅಷ್ಟೇ. ಆ ಜಾಗ ಹೋದ ಸೋಮವಾರವೂ ಆ ಕಾಗದದಲ್ಲಿ ಇತ್ತು. ಹೊಣೆ ಹೊರಲು ಯಾರೂ ಇರಲಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ನನಗೆ ಐವತ್ತೆಂಟು ತುಂಬಿತು. ನನ್ನ ದುಡ್ಡು ನನ್ನ ಸಹಿಗೇ ಬಂತು. ಮೂರನೇ ಕೌಂಟರಿನಾಕೆ ಎಣಿಸಿ ಕೊಡುವಾಗ, "ಶನಿವಾರ ಪುಸ್ತಕ ನಾನೇ ಮನೆಗೆ ತಗೊಂಡು ಹೋಗಿದ್ದೆ ಮೇಡಂ, ಯಾರೂ ಹಾಳೆ ಹರೀಬಾರದು ಅಂತ" ಎಂದು ಮೆಲ್ಲಗೆ ಹೇಳಿದಳು. ಅವಳ ಮೇಲಿನ ಕೋಪ ಅಲ್ಲಿಗೆ ಹೋಯಿತು.

"ಆ ಪುಸ್ತಕ ಹಳೆಯದಾಯ್ತು ಮೇಡಂ, ಹೊಸದು ತರಿಸ್ತೀವಿ" ಅಂದ ಮ್ಯಾನೇಜರ್. ಮೇಜಿನ ಮೇಲೆ ಫಲಕ ಇರಲಿಲ್ಲ. ನಗು ಇತ್ತು, ಆದರೆ ಸ್ವಲ್ಪ ತೆಳ್ಳಗಾಗಿತ್ತು.

"ಬೇಡ. ಅಂಟಿಸಿಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ."

ಚೀಲದಿಂದ ಅಂಟಿನ ಡಬ್ಬಿ ತೆಗೆದೆ. ಹಿಂದಿನ ರಟ್ಟಿಗೆ ಒಳಗಿನ ಕಾಗದ ಅಂಟಿಸಿದೆ, ಪೆನ್ಸಿಲಿನ ಲೆಕ್ಕ ಇದ್ದಲ್ಲಿ ಮಾತ್ರ ಬೆರಳಗಲದ ಕಿಟಕಿ ಕತ್ತರಿಸಿ ಬಿಟ್ಟೆ. ಅಲ್ಲಾಡುವ ಹಾಳೆಗಳನ್ನು ಒಂದೊಂದಾಗಿ ಹೊಲಿಗೆಗೆ ಸೇರಿಸಿದೆ. ಆಮೇಲೆ ನಂಬರ್ ಒತ್ತುವ ಮಷಿನ್ ಹೊರಗೆ ತೆಗೆದೆ. ಒತ್ತಿದಷ್ಟೂ ಒಂದೊಂದು ಅಂಕಿ ಮುಂದೆ ಹೋಗುವ ಮಷಿನ್ ಅದು, ಅಪ್ಪನದು. ಚಕ್ರ ತಿರುಗಿಸಿ ಅಂಕಿ ಕೂರಿಸಿದೆ.

ಮ್ಯಾನೇಜರ್ ಬಗ್ಗಿ ನೋಡಿದ. "ಒಂದರಿಂದ ಶುರು ಮಾಡಬೇಕಲ್ವಾ ಮೇಡಂ?"

"ಒಂದರಿಂದ ಮೂವತ್ತೊಂದರವರೆಗೆ ನಿಮ್ಮ ಹತ್ರ ಇದೆಯಲ್ಲ. ಯಾರಾದ್ರೂ ಕೇಳಿದ್ರೆ ನೀವೇ ಹೇಳಿ."

ನಾನು ಪುಸ್ತಕದ ಮೊದಲ ಹಾಳೆ ತೆರೆದೆ. ಅಮ್ಮನ ಅಕ್ಷರ, ಇಳಿಜಾರಿನಲ್ಲಿ ಜಾರಿದ ಹಾಗೆ ಸಾಲು ಕೆಳಗಿಳಿದಿತ್ತು.

'ನನ್ನ ಮಗಳಿಗೆ ಐವತ್ತೆಂಟು ವರ್ಷ. ಹೆತ್ತವಳು ನಾನು, ನನಗೆ ಲೆಕ್ಕ ಗೊತ್ತು. ಅದರಲ್ಲಿ ಹದಿನಾಲ್ಕು ವರ್ಷ ಅವಳು ನನ್ನ ಮಗು. ಉಳಿದ ನಲವತ್ತನಾಲ್ಕು ವರ್ಷ ನಾನು ಅವಳ ಮಗು. ನಿಮ್ಮ ಮಷಿನ್ನಿನಲ್ಲಿ ಹೀಗೆ ತಿದ್ದಿಕೊಳ್ಳಿ.'

ಕೆಳಗೆ ಅವಳ ಸಹಿ ಇತ್ತು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಹಾಳೆಯ ಮೇಲ್ತುದಿಯಲ್ಲಿ, ಬಲಕ್ಕೆ, ಅಕ್ಷರಕ್ಕೆ ತಾಗದ ಹಾಗೆ ಮಷಿನ್ ಇಟ್ಟು ಗಟ್ಟಿಯಾಗಿ ಒತ್ತಿದೆ. ಮೂವತ್ತೆರಡು ಅಂತ ಬಿತ್ತು.